ಅಲುಗಾಡುವ ಸೀಟನ್ನು ಅಲಕ್ಷಿಸಬೇಡಿ

ನ್ಯೂಜಿಲೆಂಡಿಗೆ ಬಂದಿಳಿದ ಕನ್ನಡ ಕುಟುಂಬ ಮನೆಗಿಂತ ಮೊದಲು ಕೊಳ್ಳುವುದು ಕಾರನ್ನು. ಅದೂ ಬಹುಮಟ್ಟಿಗೆ ಜಪಾನಿನಲ್ಲಿ ಕೆಲವು ವರ್ಷ ಓಡಿ, ಹಡಗೇರಿ ಬಂದದ್ದು. ಆ ದೇಶದಲ್ಲೂ ಇಲ್ಲೂ ನಮ್ಮ ನಾಡಿನಂತೆಯೇ ವಾಹನಗಳು ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. 1998ರಲ್ಲಿ ಕಾರುಗಳ ಮೇಲಿನ ಆಮದು ಸುಂಕ ರದ್ದಾಯಿತು. ಅದೇ ವರ್ಷ ಇಲ್ಲಿ ಉಳಿದಿದ್ದ ಕಾರು ಜೋಡಣಾ ಕಾರ್ಖಾನೆಗಳೂ ಮುಚ್ಚಿದವು. ಇಂದು ಇಲ್ಲಿ ಓಡುವ ಕಾರುಗಳ ಸರಾಸರಿ ವಯಸ್ಸು ಹದಿನಾಲ್ಕು ವರ್ಷ ದಾಟಿದೆ. ಹೀಗಾಗಿ, ಗುಂಡಿ ಒತ್ತಿದರೆ ಹಿಂದೆ ಮುಂದೆ ಸರಿಯುವ ವಿದ್ಯುತ್ ಸೀಟಿನ ಕಾರು ಸಾಧಾರಣ ಬೆಲೆಗೇ ದೊರೆಯುತ್ತದೆ. ಆದರೆ ಆ ಸೀಟೂ ಕಾರಿನಷ್ಟೇ ಹಳೆಯದು.

ಬ್ರೇಕ್ ಒತ್ತಿದಾಗ ಚಾಲಕನ ಸೀಟು ‘ಟಕ್’ ಎಂದು ಮುಂದಕ್ಕೆ ಜರುಗಿದರೆ, ಹಳೆಯ ಗಾಡಿ, ಅಷ್ಟು ಇದ್ದದ್ದೇ ಎಂದು ಹಲವರು ಸುಮ್ಮನಾಗುತ್ತಾರೆ. ವೈದ್ಯನಾಗಿ ನಾನು ಅದನ್ನು ರೋಗಲಕ್ಷಣವೆಂದೇ ಕಾಣುತ್ತೇನೆ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಎಪ್ಪತ್ತು ಕಿಲೋ ತೂಕದ ವ್ಯಕ್ತಿ ಅಪಘಾತದಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, ಅವನ ದೇಹವನ್ನು ತಡೆಯಲು ಬೇಕಾದ ಬಲ ಸುಮಾರು ಒಂದು ಟನ್ ಭಾರಕ್ಕೆ ಸಮ. ಅನೇಕ ಕಾರುಗಳಲ್ಲಿ ಬೆಲ್ಟಿನ ಕೊಂಡಿ ಸೀಟಿಗೇ ಜೋಡಣೆಯಾಗಿರುತ್ತದೆ. ಸೀಟು ಸಡಿಲವಾದರೆ ಬೆಲ್ಟಿನ ಹಿಡಿತವೂ ಅಷ್ಟರಮಟ್ಟಿಗೆ ಸಡಿಲ. ಚಾಲಕನ ಹಿಂದೆಯೇ ಮಗು ಕುಳಿತಿರುವುದನ್ನೂ ಮರೆಯಬಾರದು. ಏಳು ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ಸುರಕ್ಷತಾ ಆಸನ ಇಲ್ಲಿ ಕಡ್ಡಾಯ. ಅದನ್ನು ಶ್ರದ್ಧೆಯಿಂದ ಕಟ್ಟುವ ತಂದೆತಾಯಿ ಅದರ ಮುಂದಿನ ಸೀಟನ್ನೂ ಒಮ್ಮೆ ಅಲುಗಾಡಿಸಿ ನೋಡಬೇಕು.

ಪರೀಕ್ಷೆಯಿಲ್ಲದೆ ಚಿಕಿತ್ಸೆಯಿಲ್ಲ ಎಂಬ ನಮ್ಮ ವೃತ್ತಿಯ ನಿಯಮ ಇಲ್ಲಿಯೂ ಸಲ್ಲುತ್ತದೆ. ನನ್ನ 2004ರ ಕಾರಿನ ಸೀಟು ಸಡಿಲಗೊಂಡಾಗ, ಒಂದು ಗ್ಯಾರೇಜಿನವರು ಇಡೀ ಸೀಟನ್ನೇ ಬದಲಿಸಬೇಕೆಂದರು. ನೆರೆಮನೆಯ ನಿವೃತ್ತ ರೈತರು ಟಾರ್ಚ್ ಹಿಡಿದು ಬಂದರು. ಹಿಂದಿನ ಸೀಟಿನಲ್ಲಿ ಕುಳಿತು, ಒರಗನ್ನು ಹಿಡಿದು ಅಲುಗಿಸುತ್ತ, ಚಲನೆ ಎಲ್ಲಿ ಹುಟ್ಟುತ್ತದೆಂದು ನೋಡಲು ನನಗೆ ಹೇಳಿದರು. ಕಾರಿನ ನೆಲ ಮತ್ತು ಸೀಟಿನ ಹಳಿಯ ನಡುವೆ ಅಲುಗಿದರೆ ಬೋಲ್ಟು ಸಡಿಲ. ಮೇಲಿನ ಮತ್ತು ಕೆಳಗಿನ ಹಳಿಗಳ ನಡುವೆ ಅಲುಗಿದರೆ ಹಳಿ ಸವೆದಿದೆ, ಇಲ್ಲವೇ ಮೋಟರು ತಿರುಗಿಸುವ ಉದ್ದ ತಿರುಪಿನ ಹಲ್ಲು ಸವೆದಿದೆ. ನಮ್ಮದು ಮೊದಲನೆಯ ಬಗೆ. ಹಿಂಭಾಗದ ಎರಡು ಬೋಲ್ಟುಗಳು ಸಡಿಲವಾಗಿದ್ದವು. ಸೀಟನ್ನು ಪೂರ್ಣ ಮುಂದಕ್ಕೆ ಸರಿಸಿ, ತಯಾರಕರ ಕೈಪಿಡಿ ಹೇಳುವಷ್ಟೇ ಬಿಗಿಯಾಗಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿದೆವು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಸೀಟನ್ನೇ ಹೊರತೆಗೆಯುವ ಕೆಲಸ ಬೇರೆಯದು. ಅದರ ಅಡಿಯಲ್ಲಿ ಹಳದಿ ಬಣ್ಣದ ಸಂಪರ್ಕ ಕೊಂಡಿಯಿದ್ದರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಮೊದಲು ಸೀಟನ್ನು ಬೋಲ್ಟುಗಳು ಕಾಣುವಂತೆ ಸರಿಸಿಕೊಳ್ಳಬೇಕು, ಬ್ಯಾಟರಿ ಕಳಚಿದ ಮೇಲೆ ಅದು ಚಲಿಸದು. ಅನಂತರ ಬ್ಯಾಟರಿಯ ಋಣ ತಂತಿ ಕಳಚಿ, ಕೈಪಿಡಿ ಸೂಚಿಸುವಷ್ಟು ಹೊತ್ತು ಕಾದು, ಆಮೇಲಷ್ಟೇ ಕೊಂಡಿಯನ್ನು ಮುಟ್ಟಬೇಕು. ನೆಲದ ತಗಡು ತುಕ್ಕು ಹಿಡಿದಿದ್ದರೆ, ಹಳಿ ಬಿರುಕು ಬಿಟ್ಟಿದ್ದರೆ ಅದು ಪರಿಣತರ ಕೆಲಸ. ಸಂದಿಗೆ ರಟ್ಟು ತುರುಕುವುದು ಚಿಕಿತ್ಸೆಯಲ್ಲ, ರೋಗವನ್ನು ಮುಚ್ಚಿಡುವುದು.

ಇಲ್ಲಿನ ‘ವಾರಂಟ್ ಆಫ್ ಫಿಟ್‌ನೆಸ್’ ತಪಾಸಣೆಯಲ್ಲಿ ಸೀಟಿನ ಭದ್ರತೆಯನ್ನೂ ನೋಡುತ್ತಾರೆ. ಏರ್‌ಬ್ಯಾಗಿನ ಎಚ್ಚರಿಕೆ ದೀಪ ದೋಷ ತೋರಿಸುತ್ತಿದ್ದರೂ ಕಾರು ಅನುತ್ತೀರ್ಣ. ಅನುತ್ತೀರ್ಣವಾದ ಕಾರನ್ನು 28 ದಿನಗಳೊಳಗೆ ದುರಸ್ತಿ ಮಾಡಿಸಿ ಅದೇ ತಪಾಸಣಾ ಕೇಂದ್ರಕ್ಕೆ ಒಯ್ದರೆ ಮರುತಪಾಸಣೆಗೆ ಶುಲ್ಕವಿಲ್ಲ. ಆದರೆ ಆ ಪ್ರಮಾಣಪತ್ರ ತಪಾಸಣೆಯ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ, ನಾಳೆಯದನ್ನಲ್ಲ.

ಹೊಸದಾಗಿ ಬರುವವರು ಇನ್ನೊಂದನ್ನು ತಿಳಿದಿರಲಿ. ಮಾರಾಟಗಾರ ಸಂಸ್ಥೆಯಿಂದ ಸ್ವಂತ ಬಳಕೆಗೆ ಕೊಂಡ ಹಳೆಯ ಕಾರಿಗೂ 1993ರ ಗ್ರಾಹಕ ಖಾತರಿ ಕಾಯ್ದೆಯ ರಕ್ಷಣೆಯಿದೆ; ಖಾಸಗಿ ವ್ಯಕ್ತಿಯಿಂದ ಕೊಂಡರೆ ಆ ಕಾಯ್ದೆ ಅನ್ವಯಿಸದು. ಬೆಲೆ ಕಡಿಮೆಯೆಂದು ಖಾಸಗಿಯಾಗಿ ಕೊಳ್ಳುವವರು ಹಣ ಕೊಡುವ ಮುನ್ನ ಸ್ವತಂತ್ರ ತಪಾಸಣೆ ಮಾಡಿಸುವುದು ಜಾಣತನ.

ಊರಿನಲ್ಲಾದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ ತಂದು, ಪರಿಚಿತ ಮೆಕ್ಯಾನಿಕ್ ಕೈಗೆ ಕೊಟ್ಟು ನಿಶ್ಚಿಂತರಾಗುತ್ತಿದ್ದೆವು. ಇಲ್ಲಿ ಬಿಡಿಭಾಗಕ್ಕಿಂತ ದುಡಿಮೆಯ ಗಂಟೆಗೇ ಹೆಚ್ಚು ಬೆಲೆ. ಹಾಗಾಗಿ ಎಂ.ಡಿ. ಮಾಡಿದವನೂ ಭಾನುವಾರ ಕಾರಿನಡಿ ತಲೆಯಿಟ್ಟು ಮಲಗುತ್ತಾನೆ. ಅದನ್ನು ವಿಡಿಯೊ ಕರೆಯಲ್ಲಿ ಕಂಡು ದಾವಣಗೆರೆಯ ಅಕ್ಕ, “ಇದಕ್ಕೇನೋ ನಿನ್ನನ್ನು ಡಾಕ್ಟರ್ ಓದಿಸಿದ್ದು?” ಎಂದು ನೊಂದುಕೊಂಡಳು. ಅಕ್ಕನಿಗೂ ಅವಳಂತಹ ಹಿರಿಯರಿಗೂ ನನ್ನ ಬಿನ್ನಹವಿಷ್ಟೆ: ಇಲ್ಲಿ ಅದು ಬಡತನದ ಗುರುತಲ್ಲ. ನಿಮ್ಮ ಮಕ್ಕಳು ಹಳೆಯ ಕಾರು ಓಡಿಸುತ್ತಾರೆಂದು ಮರುಗಬೇಡಿ. ಅದನ್ನು ಸುಸ್ಥಿತಿಯಲ್ಲಿಟ್ಟಿದ್ದಾರೆಯೇ ಎಂದು ಕೇಳಿ.