ಹಬ್ಬ ಹೋದರೂ ಹೆಸರು ಉಳಿಯುತ್ತದೆ



ಅಂಗಡಿಯ ಡಬ್ಬಿಗಳ ಮೇಲೆ ಕಾಣುವ 'ಸೀರಿಯಲ್' ಎಂಬ ಮಾತಿನಲ್ಲಿ ಒಬ್ಬ ಹಳೆಯ ದೇವತೆಯ ಹೆಸರುಂಟು. ಪ್ರಾಚೀನ ರೋಮಿನವರು ಸೆರೆಸ್ ಎಂಬ ಧಾನ್ಯದೇವತೆಗೆ ಏಪ್ರಿಲ್ ತಿಂಗಳಲ್ಲಿ ಹಬ್ಬ ನಡೆಸುತ್ತಿದ್ದರು. ಕೊಯ್ಲಿನ ತರುವಾಯ ಆಗಸ್ಟ್ 21ರಂದು ಕಣಜದ ದೇವರಾದ ಕೋನ್ಸುಸನ ಹಬ್ಬ. ಅಂದು ಕುದುರೆ, ಹೇಸರಗತ್ತೆಗಳಿಗೆ ದುಡಿಮೆಯಿಲ್ಲ, ಕೊರಳಿಗೆ ಹೂಮಾಲೆ. ನಮ್ಮಲ್ಲಿ ದೀಪಾವಳಿಗೆ ದನಗಳಿಗೆ ಮಾಡುವಂತೆಯೇ. ಆಗಸ್ಟ್ 25ರಂದು ಸಮೃದ್ಧಿಯ ದೇವತೆ ಓಪ್ಸ್‌ಳ ಪೂಜೆ. ಇವೆಲ್ಲ ನಿಂತು ಸಾವಿರದೈನೂರು ವರ್ಷಗಳಿಗೂ ಮೇಲಾಯಿತು. ಆದರೆ ಧಾನ್ಯಕ್ಕೆ ಸೆರೆಸಳ ಹೆಸರು ಉಳಿಯಿತು. 1801ರಲ್ಲಿ ಕಂಡುಹಿಡಿದ ಒಂದು ಕಿರುಗ್ರಹಕ್ಕೂ ಅದೇ ಹೆಸರನ್ನಿಟ್ಟರು.

ನಮ್ಮ ಹಬ್ಬಗಳ ಹೆಸರೂ ಬೆಳೆಯಿಂದಲೇ ಬಂದವು. ನವರಾತ್ರಿಯ ಆಸುಪಾಸಿನಲ್ಲಿ ಕದಿರು ತಂದು, ಮಾವು ಹಲಸಿನ ಎಲೆಗಳೊಡನೆ ಮನೆಯ ಕಂಬಕ್ಕೂ ಕೊಟ್ಟಿಗೆಗೂ ಕಟ್ಟಿ, ಹೊಸ ಅಕ್ಕಿಯ ಊಟ ಮಾಡುವುದೇ 'ಹೊಸ್ತು', ಅಂದರೆ ಹೊಸತು. ಕಾಫಿಯ ನಾಡಾದ ಕೊಡಗಿನಲ್ಲಿ ಇದೇ 'ಪುತ್ತರಿ': ಪುದು ಎಂದರೆ ಹೊಸ, ಅರಿ ಎಂದರೆ ಅಕ್ಕಿ. ಹಳಗನ್ನಡದ ಪಕಾರ ಹಕಾರವಾದಂತೆ ಕನ್ನಡದ ಬಾಯಲ್ಲಿ ಅದು 'ಹುತ್ತರಿ'ಯಾಯಿತು. ದೀಪಾವಳಿಯಂದು ನಾವು ಗದ್ದೆಯಲ್ಲಿ ಬಲೀಂದ್ರನನ್ನು ಕರೆಯುವಾಗ ಹೇಳುವ 'ಹೊಲಿ'ಯೂ ಹೀಗೆಯೇ. ತುಳುವಿನಲ್ಲಿ, ಕೊಡವರಲ್ಲಿ ಅದು ಇಂದಿಗೂ 'ಪೊಲಿ'. ವೃದ್ಧಿ ಎಂದು ಅರ್ಥ. ರೋಮಿನವರು ಓಪ್ಸ್‌ಳಲ್ಲಿ ಬೇಡಿದ್ದೂ ಅದನ್ನೇ. ತುಳುವರಂತೂ ವರ್ಷದ ಕೊನೆಯ ತಿಂಗಳಿಗೇ 'ಸುಗ್ಗಿ' ಎಂದಿದ್ದಾರೆ.

ಈಗ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ, ಕೆಲವು ಹಡಿಲು ಬಿದ್ದಿವೆ. ಆಳು ಸಿಕ್ಕದೆ, ಖರ್ಚು ಹುಟ್ಟದೆ ಹೀಗಾಯಿತು. ಯಾರನ್ನೂ ದೂರಿ ಫಲವಿಲ್ಲ. ಆದರೆ ಹೊಸ್ತಿಗೆ ಬೇಕಾದ ನಾಲ್ಕು ಕದಿರನ್ನು ಕೇಳಿ ತರಬೇಕಾದ ಮನೆಗಳಲ್ಲಿ ಮಕ್ಕಳಿಗೆ ಆ ಮಾತಿನ ಅರ್ಥ ಹೇಳಿಕೊಡಲೇಬೇಕು. ನೀರು ನಿಲ್ಲುವ ತಗ್ಗು 'ಬೈಲು', ನಡುವಣದ್ದು 'ಮಜಲು', ಮಳೆಯನ್ನೇ ನಂಬಿದ ಎತ್ತರದ ಗದ್ದೆ 'ಬೆಟ್ಟು' ಎಂಬುದೂ ಅಷ್ಟೇ. ತೋಟಕ್ಕೆ ಬಸಿಗಾಲುವೆ ಎಲ್ಲಿ ತೆಗೆಯಬೇಕು, ಬೇಸಿಗೆಯಲ್ಲಿ ನೀರು ಎಲ್ಲಿ ಸಾಲದು ಎಂಬುದನ್ನು ಆ ಹೆಸರುಗಳೇ ಹೇಳುತ್ತವೆ.

ಪಹಣಿಯಲ್ಲಿರುವುದು ಸರ್ವೆ ನಂಬ್ರ. ಗದ್ದೆಯ ಹೆಸರು ಹಿರಿಯರ ಬಾಯಲ್ಲಿದೆ. ಅವರಿರುವಾಗಲೇ ಕೇಳಿ ಬರೆದಿಡಿರಿ. ತೋಟದ ಅಂಚಿನಲ್ಲಿ ನೀರು ನಿಲ್ಲುವ ತುಂಡು ಜಾಗವಿದ್ದರೆ, ಹೊಸ್ತಿಗೆ ಸಾಲುವಷ್ಟು ಭತ್ತ ಹಾಕಿರಿ.