ಫಿಲ್ಮಿನ ಫೋಟೊ ಬೇಡ, ಹಳೆಯ ಸಿ.ಡಿ. ಹುಡುಕಿ

ವಾರಕ್ಕೆ ನಾಲ್ಕೈದು ಸಲವಾದರೂ ನನ್ನ ಫೋನಿಗೆ ಇಂಥ ಮೆಸೇಜು ಬರುತ್ತದೆ. ಸಿ.ಟಿ. ಸ್ಕ್ಯಾನಿನ ಫಿಲ್ಮನ್ನು ಕಿಟಕಿಗೋ ಟ್ಯೂಬ್‌ಲೈಟಿಗೋ ಹಿಡಿದು ತೆಗೆದ ಫೋಟೊ, ಅದರ ಕೆಳಗೆ "ಡಾಕ್ಟ್ರೇ, ಅಪ್ಪಾಜಿದು, ಸ್ವಲ್ಪ ನೋಡಿ ಹೇಳಿ" ಅಂತ ಒಂದು ಸಾಲು. ಅಪ್ಪ ದಾವಣಗೆರೆಯಲ್ಲಿ, ಮಗ ಪುಣೆಯಲ್ಲಿ, ಮಗಳು ಹೈದರಾಬಾದಿನಲ್ಲಿ. ದೂರದಲ್ಲಿರುವವರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಆ ಫೋಟೊ ನೋಡಿ ನಾನು ಏನನ್ನೂ ಹೇಳುವುದಿಲ್ಲ. ಮಸಾಲೆ ದೋಸೆಯ ಫೋಟೊ ತೋರಿಸಿ ಉಪ್ಪು ಸರಿಯಾಗಿದೆಯಾ ಎಂದು ಕೇಳಿದ ಹಾಗಾಗುತ್ತದೆ ಅದು.

ಕಾರಣ ಸರಳ. ಸಿ.ಟಿ. ಚಿತ್ರದ ಪ್ರತಿ ಚುಕ್ಕೆಯ ಹಿಂದೆ ಒಂದು ಸಂಖ್ಯೆ ಇರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಒಟ್ಟು ನಾಲ್ಕು ಸಾವಿರ ಛಾಯೆಗಳು. ನಮ್ಮ ಕಣ್ಣಿಗೆ ಅಷ್ಟೂ ಒಟ್ಟಿಗೆ ಕಾಣುವುದಿಲ್ಲ. ಹಾಗಾಗಿ ರೇಡಿಯಾಲಜಿಸ್ಟ್ ಒಂದು ಸಲಕ್ಕೆ ಒಂದು ಪಟ್ಟಿಯನ್ನಷ್ಟೇ ಆರಿಸಿಕೊಂಡು ನೋಡುತ್ತಾರೆ. ಅದಕ್ಕೆ 'ವಿಂಡೊ' ಎನ್ನುತ್ತಾರೆ. ಶ್ವಾಸಕೋಶಕ್ಕೆ ಒಂದು ವಿಂಡೊ, ಮಾಂಸಖಂಡಕ್ಕೆ ಇನ್ನೊಂದು, ಮೂಳೆಗೆ ಮತ್ತೊಂದು. ಒಂದು ಎದೆಯ ಸ್ಕ್ಯಾನಿನಲ್ಲಿ ಮುನ್ನೂರು ನಾನ್ನೂರು ಚಿತ್ರಗಳಿರುತ್ತವೆ. ಫಿಲ್ಮಿನಲ್ಲಿ ಅಚ್ಚಾಗುವುದು ಅದರಲ್ಲಿ ಆಯ್ದ ಕೆಲವು ಮಾತ್ರ, ಅದೂ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ. ಅದರ ಫೋಟೊ ತೆಗೆದಾಗ ಇನ್ನಷ್ಟು ಹೋಯಿತು. ಮೆಸೇಜಿನಲ್ಲಿ ಕಳಿಸುವಾಗ ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡಿತು. ನನ್ನ ಕೈಗೆ ಸಿಗುವುದು ಸಿಪ್ಪೆ.

(ಇ.ಸಿ.ಜಿ. ವಿಷಯ ಬೇರೆ. ಅದು ಕಾಗದದ ಮೇಲಿನ ಗೆರೆ. ನೆರಳು ಬೀಳದಂತೆ ನೇರವಾಗಿ ತೆಗೆದ ಫೋಟೊ ಧಾರಾಳವಾಗಿ ಸಾಕು. ಎದೆನೋವು ಈಗ ಇದ್ದರೆ ಮಾತ್ರ ಯಾರಿಗೂ ಫೋಟೊ ಕಳಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.)

ಹಾಗಾದರೆ ಆ ಸ್ಕ್ಯಾನನ್ನು ನಿಜವಾಗಿ ಓದುವವರು ಯಾರು, ಹೇಗೆ? ಇದು ತಿಳಿದರೆ ನಿಮ್ಮ ಮನೆಯವರ ರಿಪೋರ್ಟು ಚೆನ್ನಾಗಿ ಬರಲು ನೀವೇ ಸಹಾಯ ಮಾಡಬಹುದು. ನಾನು ಹೃದಯದ ಡಾಕ್ಟರು, ರೇಡಿಯಾಲಜಿಸ್ಟ್ ಅಲ್ಲ. ಆದರೆ ದಿನಕ್ಕೆ ಎರಡು ಸಲವಾದರೂ ಅವರ ಕೋಣೆಯಲ್ಲಿ ಹೋಗಿ ನಿಲ್ಲುತ್ತೇನೆ.

ಸ್ಕ್ಯಾನ್ ಮಾಡುವವರು ಟೆಕ್ನಿಷಿಯನ್. ಓದುವವರು ರೇಡಿಯಾಲಜಿಸ್ಟ್, ಬೇರೆ ಕೋಣೆಯಲ್ಲಿ, ಅರೆಗತ್ತಲಲ್ಲಿ, ದೊಡ್ಡ ಪರದೆಗಳ ಮುಂದೆ. ಯಂತ್ರದಿಂದ ಚಿತ್ರಗಳು ಹೋಗಿ ಸೇರುವ ಕಣಜಕ್ಕೆ 'ಪ್ಯಾಕ್ಸ್' ಎಂದು ಹೆಸರು. ಯಾವ ಕಂಪನಿಯ ಯಂತ್ರದ ಚಿತ್ರವಾದರೂ ಯಾವ ಕಂಪ್ಯೂಟರಿನಲ್ಲಾದರೂ ತೆರೆಯಲಿ ಎಂದು 1993ರಲ್ಲಿ ಬಂದ ಒಪ್ಪಂದ 'ಡೈಕಾಮ್'. ಇಂದು ಹುಬ್ಬಳ್ಳಿಯ ಸ್ಕ್ಯಾನು ಚೆನ್ನೈಯಲ್ಲಿ ತೆರೆಯುವುದು ಇದರಿಂದಲೇ.

ಓದುವವರು ಅದೇ ಊರಿನಲ್ಲಿರಬೇಕು ಎಂದೂ ಇಲ್ಲ. ಬೆಂಗಳೂರಿನ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಸಂಸ್ಥೆ 2002ರಲ್ಲಿ ಶುರುವಾದಾಗ ಅಮೆರಿಕದ ಆಸ್ಪತ್ರೆಗಳ ರಾತ್ರಿ ಸ್ಕ್ಯಾನುಗಳನ್ನು ನಮ್ಮ ಹಗಲಿನಲ್ಲಿ ಕೂತು ಓದುತ್ತಿತ್ತು. ಈಗ ನಮ್ಮ ತಾಲ್ಲೂಕು ಕೇಂದ್ರದ ಸ್ಕ್ಯಾನುಗಳೂ ಹೀಗೆ ದೂರದಲ್ಲಿ ಓದಿಸಿಕೊಂಡು ಬರುತ್ತವೆ. ಅಂದರೆ ನಿಮ್ಮ ತಾಯಿಯ ಸ್ಕ್ಯಾನ್ ಓದುವವರು ನಿಮ್ಮ ತಾಯಿಯ ಮುಖ ನೋಡಿರುವುದಿಲ್ಲ. ಅವರಿಗೆ ಗೊತ್ತಿರುವುದು ಪರದೆಯ ಮೂಲೆಯಲ್ಲಿ ಕಾಣುವ ಒಂದೆರಡು ಸಾಲು. ಆ ಸಾಲು ನಮ್ಮ ಚೀಟಿಯಿಂದ ಮತ್ತು ಕೌಂಟರಿನಲ್ಲಿ ನೀವು ಹೇಳಿದ್ದರಿಂದ ಬಂದದ್ದು.

ಆ ಸಾಲಿಗೆ ಎಷ್ಟು ಬೆಲೆ ಎನ್ನುವುದಕ್ಕೆ ಒಂದು ಪ್ರಯೋಗ ಹೇಳುತ್ತೇನೆ. 2013ರಲ್ಲಿ ಪ್ರಕಟವಾದದ್ದು, ಅಮೆರಿಕದಲ್ಲಿ ನಡೆದದ್ದು. 24 ರೇಡಿಯಾಲಜಿಸ್ಟರಿಗೆ ಶ್ವಾಸಕೋಶದ ಸಿ.ಟಿ. ಕೊಟ್ಟು ಸಣ್ಣ ಗಂಟುಗಳನ್ನು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನಿನೊಳಗೆ ಒಂದು ಗೊರಿಲ್ಲಾದ ಚಿತ್ರ ಸೇರಿಸಿದ್ದರು, ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದು. 24ರಲ್ಲಿ 20 ಮಂದಿಗೆ ಅದು ಕಾಣಲೇ ಇಲ್ಲ. ಕಣ್ಣಿನ ಚಲನೆ ಅಳೆಯುವ ಯಂತ್ರ ನೋಡಿದರೆ, ಕಾಣದವರಲ್ಲಿ ಹೆಚ್ಚಿನವರ ಕಣ್ಣು ನೇರವಾಗಿ ಅದರ ಮೇಲೇ ಹೋಗಿತ್ತು! ಅವರು ದಡ್ಡರಲ್ಲ, ಪಳಗಿದವರು. ಮನಸ್ಸು ಯಾವುದನ್ನು ಹುಡುಕುತ್ತಿದೆಯೋ ಅದನ್ನು ಕಣ್ಣು ಹಿಡಿಯುತ್ತದೆ, ಅಷ್ಟೆ. ಹಾಗಾಗಿ ಏನು ಹುಡುಕಬೇಕು ಎಂದು ಅವರಿಗೆ ಹೇಳುವುದು ನಮ್ಮ ನಿಮ್ಮ ಕೆಲಸ.

ಇಲ್ಲೇ ಹೊರನಾಡಿನ ಕನ್ನಡದವರಿಗೆ ಒಂದು ವಿಶೇಷ ತೊಂದರೆ ಇದೆ. ಊರಿನಿಂದ ಬಂದ ಅಮ್ಮನಿಗೆ ಮರಾಠಿ ಬಾರದು, ತಮಿಳು ಬಾರದು. ಕೌಂಟರಿನಲ್ಲಿ ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. "ಎದಿ ಹಿಡದಂಗ ಆಗತೈತಿ, ಎಡಗೈ ಜೋಮು ಹಿಡಿತೈತಿ, ಮೆಟ್ಟಿಲು ಹತ್ತಿದಾಗ ಅಷ್ಟ" ಎಂದು ಮನೆಯಲ್ಲಿ ಹೇಳಿದ ಅಮ್ಮ ಅಲ್ಲಿ ಎದೆ ಮುಟ್ಟಿ ತೋರಿಸುತ್ತಾರೆ. ಕಂಪ್ಯೂಟರಿನಲ್ಲಿ 'ಎದೆನೋವು' ಎಂದು ಒಂದೇ ಪದ ಬೀಳುತ್ತದೆ. ಮೆಟ್ಟಿಲು ಹೋಯಿತು, ಕೈ ಹೋಯಿತು.

ಮನೆಯಿಂದ ಹೊರಡುವ ಮೊದಲು ಒಂದು ಚೀಟಿ ಬರೆಯಿರಿ, ಇಂಗ್ಲಿಷಿನಲ್ಲಿ, ಐದಾರು ಸಾಲು ಸಾಕು. ಏನು ತೊಂದರೆ, ಯಾವಾಗಿನಿಂದ, ಯಾವ ಕಡೆ. ಹಿಂದೆ ಆದ ಆಪರೇಷನ್ ಮತ್ತು ದೊಡ್ಡ ಕಾಯಿಲೆ (ಟಿ.ಬಿ. ಆಗಿದ್ದರೆ ನಾಚಿಕೆಯಿಲ್ಲದೆ ಬರೆಯಿರಿ). ಈಗ ತೆಗೆದುಕೊಳ್ಳುವ ಮಾತ್ರೆ, ಯಾವುದಕ್ಕಾದರೂ ಅಲರ್ಜಿ. ಹಿಂದಿನ ಸ್ಕ್ಯಾನ್ ಯಾವ ವರ್ಷ, ಯಾವ ಊರು. ಟೆಕ್ನಿಷಿಯನ್ ಕೈಗೆ ಕೊಟ್ಟು, "ಇದನ್ನು ರೇಡಿಯಾಲಜಿಸ್ಟಿಗೆ ತಲುಪಿಸಿ, ಕಂಪ್ಯೂಟರಿಗೆ ಹಾಕಿ" ಎಂದು ಕೇಳಿ. ಎಲ್ಲ ಕಡೆ ಹಾಕುತ್ತಾರೆ ಎಂದು ಹೇಳಲಾರೆ, ಆದರೆ ಕೇಳಿದರೆ ಬಹಳ ಕಡೆ ಹಾಕುತ್ತಾರೆ.

ನನ್ನ ವಿಷಯಕ್ಕೆ ಬರುತ್ತೇನೆ. ಹೃದಯದ ರಕ್ತನಾಳಗಳ ಸಿ.ಟಿ., ಅಂದರೆ ಸಿ.ಟಿ. ಆಂಜಿಯೋ, ಈಗ ಬಹಳ ಮಂದಿಗೆ ಬರೆಯುತ್ತೇವೆ. ಬೈಪಾಸ್ ಆಗಿದೆ ಎಂಬುದು ಚೀಟಿಯಲ್ಲಿ ಇಲ್ಲದಿದ್ದರೆ ಸ್ಕ್ಯಾನ್ ಹೃದಯದ ಮಟ್ಟದಿಂದ ಶುರುವಾಗುತ್ತದೆ. ಬೈಪಾಸಿಗೆ ಬಳಸಿದ ಎದೆಯೊಳಗಿನ ರಕ್ತನಾಳವಾದರೋ ಕತ್ತಿನ ಬುಡದ ಹತ್ತಿರದಿಂದ ಇಳಿದು ಬರುತ್ತದೆ. ಮೇಲಿನ ಭಾಗ ಚಿತ್ರದಲ್ಲೇ ಇರುವುದಿಲ್ಲ. ಯಾವ ಸಾಫ್ಟ್‌ವೇರೂ ಇಲ್ಲದ್ದನ್ನು ತೋರಿಸಲಾರದು. ಸ್ಟೆಂಟ್ ಹಾಕಿದ್ದರೆ ಅದರ ಕಾರ್ಡ್ ಒಯ್ಯಿರಿ. 3 ಮಿಲಿಮೀಟರಿಗಿಂತ ಸಣ್ಣ ಸ್ಟೆಂಟಿನ ಒಳಗು ಸಿ.ಟಿ.ಯಲ್ಲಿ ಸರಿಯಾಗಿ ಕಾಣುವುದು ಕಷ್ಟ, ಅದು ಓದುವವರಿಗೆ ಮೊದಲೇ ಗೊತ್ತಿರಬೇಕು.

ಹೃದಯ ಬಡಿಯುತ್ತಲೇ ಇರುವ ಅಂಗ. ಬಡಿತ ನಿಮಿಷಕ್ಕೆ 60ರ ಆಸುಪಾಸು ಇದ್ದರೆ ಚಿತ್ರ ಸ್ಪಷ್ಟ, 90 ಇದ್ದರೆ ಮಸುಕು. ಅದಕ್ಕೇ ಮೊದಲು ಬಡಿತ ಇಳಿಸುವ ಮಾತ್ರೆ ಕೊಡುತ್ತಾರೆ. ಅಸ್ತಮಾ ಇದ್ದವರು ಇದನ್ನು ತೆಗೆದುಕೊಳ್ಳುವ ಮುಂಚೆ ಹೇಳಲೇಬೇಕು. ಆ ದಿನ ಕಾಫಿ ಟೀ ಬೇಡ. ನಾಲಿಗೆ ಕೆಳಗೆ ನೈಟ್ರೊಗ್ಲಿಸರಿನ್ ಕೂಡ ಇಡುತ್ತಾರೆ ಅಥವಾ ಸ್ಪ್ರೇ ಮಾಡುತ್ತಾರೆ. ಹಿಂದಿನ ಒಂದೆರಡು ದಿನಗಳಲ್ಲಿ ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ತೆಗೆದುಕೊಂಡವರಿಗೆ ಅದರಿಂದ ರಕ್ತದೊತ್ತಡ ಅಪಾಯಕಾರಿಯಾಗಿ ಇಳಿಯಬಹುದು. ಮಗನ ಎದುರು ಅಪ್ಪ ಇದನ್ನು ಬಾಯಿ ಬಿಡುವುದಿಲ್ಲ. ಐದು ನಿಮಿಷ ನೀವು ಹೊರಗೆ ಚಹಾ ಕುಡಿದು ಬನ್ನಿ, ನರ್ಸ್ ಕೇಳಿಕೊಳ್ಳಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಇತ್ತೀಚಿನ ಕ್ರಿಯಾಟಿನಿನ್ ರಿಪೋರ್ಟ್ ಒಯ್ಯಿರಿ. ಕಿಡ್ನಿ ದುರ್ಬಲವಾಗಿದ್ದರೆ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕಾಗಬಹುದು. ನೀವಾಗಿ ನಿಲ್ಲಿಸಬೇಡಿ, ಕೇಳಿ.

ಈಗ ಹಳೆಯ ಸ್ಕ್ಯಾನಿನ ವಿಷಯ. ಈ ಲೇಖನ ಬರೆಯಲು ಕೂತದ್ದೇ ಇದಕ್ಕಾಗಿ.

ಹೃದಯದ ಸಿ.ಟಿ.ಯಲ್ಲಿ ಸುತ್ತಲಿನ ಶ್ವಾಸಕೋಶದ ಒಂದಷ್ಟು ಭಾಗವೂ ಬರುತ್ತದೆ. ಕಳೆದ ವರ್ಷ ಅರವತ್ತೆಂಟು ವಯಸ್ಸಿನ ಒಬ್ಬರಿಗೆ ಮಾಡಿಸಿದೆವು. ಮಗನ ಮನೆಗೆಂದು ಬಂದವರು. ಹೃದಯ ಪರವಾಗಿಲ್ಲ, ಆದರೆ ಬಲ ಶ್ವಾಸಕೋಶದಲ್ಲಿ 9 ಮಿಲಿಮೀಟರಿನ ಒಂದು ಗಂಟು. ಮನೆಯಲ್ಲಿ ಅಂದು ಒಲೆ ಹೊತ್ತಲಿಲ್ಲ. ಗೂಗಲ್ ನೋಡಿ ಸೊಸೆ ಅಳುತ್ತಿದ್ದರು. ಮುಂದಿನ ದಾರಿ ಎಂದರೆ ಪೆಟ್ ಸ್ಕ್ಯಾನ್, ಬೇಕಾದರೆ ಸೂಜಿ ಚುಚ್ಚಿ ಬಯಾಪ್ಸಿ. ನಾನು ಒಂದೇ ಪ್ರಶ್ನೆ ಕೇಳಿದೆ: "2021ರಲ್ಲಿ ಕೋವಿಡ್ ಆಗಿತ್ತೇ? ಎದೆಯ ಸಿ.ಟಿ. ಮಾಡಿಸಿದ್ದಿರಾ?" ಮಾಡಿಸಿದ್ದರು. ಸಿ.ಡಿ. ಊರಿನ ಮನೆಯ ಬೀರುವಿನಲ್ಲಿ, ಜಮೀನಿನ ಪಹಣಿಯ ಜೊತೆ ಇತ್ತು. ಅಣ್ಣನ ಮಗ ಅದನ್ನು ಪೇಟೆಗೆ ಒಯ್ದು, ಸಿ.ಡಿ. ಡ್ರೈವ್ ಇರುವ ಕಂಪ್ಯೂಟರ್ ಹುಡುಕಿ, ಪೂರ್ತಿ ಫೋಲ್ಡರನ್ನು ಗೂಗಲ್ ಡ್ರೈವಿಗೆ ಹಾಕಿದ. ಸಂಜೆಯ ಹೊತ್ತಿಗೆ ನಮ್ಮ ರೇಡಿಯಾಲಜಿಸ್ಟ್ ಎರಡೂ ಸ್ಕ್ಯಾನುಗಳನ್ನು ಪಕ್ಕಪಕ್ಕ ಇಟ್ಟರು. ಅವರ ಸಾಫ್ಟ್‌ವೇರಿನಲ್ಲಿ ಎರಡಕ್ಕೂ ಕೊಂಡಿ ಹಾಕಬಹುದು, ಒಂದನ್ನು ಸರಿಸಿದರೆ ಇನ್ನೊಂದೂ ಅದೇ ಜಾಗಕ್ಕೆ ಸರಿಯುತ್ತದೆ. ಗಂಟು ಅಂದೂ ಅಲ್ಲೇ ಇತ್ತು, ಅಷ್ಟೇ ಇತ್ತು. ಗಟ್ಟಿಯಾದ ಗಂಟು ಎರಡು ವರ್ಷಕ್ಕೂ ಮೀರಿ ಬೆಳೆಯದಿದ್ದರೆ ಸಾಮಾನ್ಯವಾಗಿ ಅದನ್ನು ಹಳೆಯ ಗಾಯದ ಕಲೆ ಎಂದೇ ನೋಡುತ್ತೇವೆ, ನಮ್ಮ ದೇಶದಲ್ಲಿ ಹಳೆಯ ಟಿ.ಬಿ.ಯ ಕಲೆ ಬಹಳ ಸಾಮಾನ್ಯ. ಸೂಜಿಯೂ ಬೇಡವಾಯಿತು, ಪೆಟ್ ಸ್ಕ್ಯಾನಿನ ದುಡ್ಡೂ ಉಳಿಯಿತು.

ಹೊಸ ಸ್ಕ್ಯಾನ್ ಎಷ್ಟೇ ಸ್ಪಷ್ಟವಿದ್ದರೂ ಅದು ಇಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಬೆಳೆಯುತ್ತಿದೆಯೇ ಎನ್ನುವುದನ್ನು ಹೇಳುವುದು ಹಳೆಯದು. ಒಂದೇ ಆಸ್ಪತ್ರೆಯಾದರೆ ಪ್ಯಾಕ್ಸ್ ತಾನೇ ಹಳೆಯದನ್ನು ಎಳೆದು ತರುತ್ತದೆ. ಊರು ಬದಲಿಸುತ್ತಲೇ ಇರುವ ನಮ್ಮಂಥವರಿಗೆ ಆ ಸೌಲಭ್ಯ ಇಲ್ಲ, ಕಣಜ ನಮ್ಮ ಕೈಚೀಲದಲ್ಲೇ ಇರಬೇಕು.

ಎ.ಐ. ಬಂದಿದೆಯಲ್ಲ, ಅದೇ ಓದಿಬಿಡುವುದಿಲ್ಲವೇ ಎಂದು ಕೇಳುತ್ತೀರಿ. ಬಂದಿದೆ, ಉಪಯೋಗವೂ ಇದೆ. ಮುಂಬೈಯ ಕ್ಯೂರ್ ಎ.ಐ. ಕಂಪನಿ ತಲೆಯ ಸಿ.ಟಿ.ಯಲ್ಲಿ ರಕ್ತಸ್ರಾವ ಹಿಡಿಯುವ ಪ್ರೋಗ್ರಾಮಿನ ಬಗ್ಗೆ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿತು. ಎದೆಯ ಎಕ್ಸ್‌ರೇಯಲ್ಲಿ ಟಿ.ಬಿ. ಹುಡುಕಲು 15 ವರ್ಷ ಮೇಲ್ಪಟ್ಟವರಿಗೆ ಇಂಥ ಸಾಫ್ಟ್‌ವೇರ್ ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನನಗೆ ಕಂಡ ದೊಡ್ಡ ಲಾಭ ಸರತಿಯದು: ನೂರು ಸ್ಕ್ಯಾನುಗಳ ಸಾಲಿನಲ್ಲಿ ಮಿದುಳಿನ ರಕ್ತಸ್ರಾವ ಇರಬಹುದಾದದ್ದನ್ನು ಅದು ಮುಂದಕ್ಕೆ ತಂದು ನಿಲ್ಲಿಸುತ್ತದೆ. ಸಹಿ ಹಾಕುವವರು ಮಾತ್ರ ಮನುಷ್ಯರೇ. ಮತ್ತು ಬೀರುವಿನಲ್ಲಿರುವ ಸಿ.ಡಿ. ಅದಕ್ಕೂ ಕಾಣುವುದಿಲ್ಲ.

ರಿಪೋರ್ಟಿಗಾಗಿ ಅರ್ಧ ಗಂಟೆಗೊಮ್ಮೆ ಫೋನ್ ಮಾಡುವವರಿಗೆ ಒಂದು ಮಾತು. ಆ ಫೋನ್ ಸುತ್ತಿ ಸುತ್ತಿ ಓದುವ ಕೋಣೆಗೇ ಹೋಗುತ್ತದೆ. ಮುನ್ನೂರು ಚಿತ್ರಗಳ ನಡುವೆ ಕಣ್ಣು ತೆಗೆದವರು ಮತ್ತೆ ಎಲ್ಲಿಂದ ಶುರು ಮಾಡಬೇಕು? ಸಮಯ ಒಮ್ಮೆ ಕೇಳಿಕೊಳ್ಳಿ, ಸಾಕು.

ರಿಪೋರ್ಟ್ ಬಂದ ಮೇಲೆ ಹೆಸರು, ವಯಸ್ಸು, ದಿನಾಂಕ, ಎಡ ಬಲ ನೋಡಿ. ಈಗ ಹೆಚ್ಚಿನವರು ಟೈಪ್ ಮಾಡುವುದಿಲ್ಲ, ಮೈಕಿನಲ್ಲಿ ಹೇಳುತ್ತಾರೆ, ಸಾಫ್ಟ್‌ವೇರ್ ಬರೆದುಕೊಳ್ಳುತ್ತದೆ. ಕೆಲಸ ಬೇಗ ಆಗುತ್ತದೆ, ಆದರೆ 'ಇಲ್ಲ' ಎಂಬ ಚಿಕ್ಕ ಪದ ಜಾರಿ ಹೋದರೆ ಅರ್ಥವೇ ತಿರುಗಾಮುರುಗಾ. ಮೇಲೆ 'ಎಡ', ಕೊನೆಯ ತೀರ್ಮಾನದಲ್ಲಿ 'ಬಲ' ಎಂದಿದ್ದರೆ ಸಂಕೋಚಪಡದೆ ಕೇಳಿ. ತಿದ್ದುಪಡಿ ಸೇರಿಸಿ ಮತ್ತೆ ಸಹಿ ಮಾಡಿಕೊಡುತ್ತಾರೆ.

ಕೊನೆಗೆ ಸಿ.ಡಿ. ಜೋಪಾನ. ಸಿ.ಡಿ. ಕಾಲಕ್ರಮೇಣ ಹಾಳಾಗುತ್ತದೆ, ಹೊಸ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕುವ ಜಾಗವೇ ಇಲ್ಲ. ಈ ವಾರವೇ ಪೆನ್‌ಡ್ರೈವಿಗೆ ನಕಲು ಮಾಡಿ. ಒಂದೆರಡು ಚಿತ್ರ ಆರಿಸಬೇಡಿ, ಒಳಗಿರುವ ಎಲ್ಲ ಫೋಲ್ಡರು, ಹೆಸರು ಬದಲಿಸದೆ. ದೂರದ ಡಾಕ್ಟರಿಗೆ ಕಳಿಸುವಾಗ ಪೂರ್ತಿ ಫೋಲ್ಡರನ್ನು ಝಿಪ್ ಮಾಡಿ ಲಿಂಕ್ ಕಳಿಸಿ. ಕೆಲವು ಕೇಂದ್ರಗಳು ಸಿ.ಡಿ. ಬದಲು ಮೊಬೈಲಿಗೆ ಲಿಂಕ್ ಕೊಡುತ್ತವೆ. ಆ ಲಿಂಕ್ ಕೆಲವು ದಿನಗಳಲ್ಲಿ ಮುಚ್ಚಿಹೋಗಬಹುದು, ಅವತ್ತೇ ಇಳಿಸಿಕೊಳ್ಳಿ, ಚಿತ್ರಗಳು ಡೈಕಾಮ್ ರೂಪದಲ್ಲಿವೆಯೇ ಎಂದು ಕೇಳಿ. ಸರಿಯಾಗಿ ನಕಲಾಗಿದೆಯೇ ಎಂದು ನೋಡಲು ವಿಂಡೋಸ್‌ನಲ್ಲಿ ಮೈಕ್ರೊಡೈಕಾಮ್, ಮ್ಯಾಕ್‌ನಲ್ಲಿ ಹೋರೋಸ್ ಸಾಕು. ಫೋಲ್ಡರಿಗೆ ಹೆಸರು, ವರ್ಷ, ಯಾವ ಅಂಗ ಎಂದು ಹಾಕಿಡಿ: 'ಅಪ್ಪ, 2021, ಎದೆ' ಎಂಬಂತೆ.