ಮೊಳೆಗೆ 150, ಅವಸರಕ್ಕೆ 2,350

ಮುಂಬೈನಲ್ಲಿ ಈಗ ಬೈಕಿನ ಟ್ಯೂಬ್‌ಲೆಸ್ ಟಯರಿಗೆ ಒಂದು ಪಂಕ್ಚರ್ ಹಾಕಿಸಲು ಸುಮಾರು 100ರಿಂದ 150 ರೂಪಾಯಿ. ಟ್ಯೂಬ್ ಇರುವ ಹಳೆಯ ಗಾಡಿಯಾದರೆ ಚಕ್ರ ಬಿಚ್ಚಿ, ಪ್ಯಾಚ್ ಹಚ್ಚಿ, ಮತ್ತೆ ಕೂರಿಸುವ ಕೂಲಿಯೂ ಹೆಚ್ಚುಕಡಿಮೆ ಅಷ್ಟೇ. ಟ್ಯೂಬೇ ಹರಿದಿದ್ದರೆ ಇನ್ನೊಂದು 300–400. ಅಪರಾತ್ರಿಯಲ್ಲಿ, ಮಳೆಯಲ್ಲಿ, ಹೈವೇ ಬದಿಯಲ್ಲಿ ಎರಡು ಪಟ್ಟು ಕೇಳುವವರಿದ್ದಾರೆ. ಕೊಟ್ಟರೂ ಅದು 300 ರೂಪಾಯಿ. ಬೈಕಿನವರ ಜೇಬಿಗೆ ಕತ್ತರಿ ಬೀಳುವುದು ಪಂಕ್ಚರಿನಿಂದಲ್ಲ, ಗಾಳಿ ಇಳಿದ ಮೇಲೂ ಓಡಿಸಿದ ಒಂದೆರಡು ಕಿಲೋಮೀಟರಿನಿಂದ.

ಲೆಕ್ಕ ಹಾಕಿ ನೋಡೋಣ. 150 ಸಿಸಿ ಬೈಕಿನ ಹಿಂದಿನ ಟಯರಿಗೆ 2,200 ರೂಪಾಯಿ ಎಂದಿಟ್ಟುಕೊಳ್ಳಿ. ಅದು 22,000 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ ಬೀಳುವುದು 10 ಪೈಸೆ. ಅದೇ ಟಯರನ್ನು ಗಾಳಿಯಿಲ್ಲದೆ ಓಡಿಸಿದರೆ ರಿಮ್ಮಿಗೂ ಡಾಂಬರಿಗೂ ನಡುವೆ ಪಕ್ಕದ ಗೋಡೆ ಸಿಕ್ಕಿ ನಜ್ಜುಗುಜ್ಜಾಗುತ್ತದೆ, ಒಳಗಿನ ನೂಲು ತುಂಡಾಗುತ್ತದೆ. ಆಮೇಲೆ ಯಾವ ಪಂಕ್ಚರೂ ನಿಲ್ಲದು. ಹೊಸ ಟಯರ್ 2,200, ಹಾಕುವ ಕೂಲಿ 150: ಒಟ್ಟು 2,350. ಟಯರ್ ಅರ್ಧ ಸವೆದಿತ್ತು ಎಂದುಕೊಂಡರೂ ನಿವ್ವಳ ನಷ್ಟ 1,100ಕ್ಕೆ ಕಡಿಮೆಯಿಲ್ಲ. 2025ರ ಸೆಪ್ಟೆಂಬರ್ 22ರಿಂದ ಟಯರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದು ಒಳ್ಳೆಯದೇ. ಆದರೆ 1,500 ರೂಪಾಯಿ ಮೂಲಬೆಲೆಯ ಟಯರಿನಲ್ಲಿ ಅದರಿಂದ ಉಳಿಯುವುದು 150, ಅಂದರೆ ಒಂದು ಪಂಕ್ಚರಿನ ದುಡ್ಡು.

ಹಾಗಾದರೆ ತಳ್ಳಬೇಕೇ? ಹೌದು, ತಳ್ಳಬೇಕು. ಸಣ್ಣ ಬೈಕೇ ಸುಮಾರು 110 ಕಿಲೋ ಇರುತ್ತದೆ, 150 ಸಿಸಿಯದು 140ರ ಆಸುಪಾಸು. ಗಂಟೆಗೆ 3 ಕಿ.ಮೀ. ವೇಗದಲ್ಲಿ ತಳ್ಳಿದರೆ ಒಂದು ಕಿಲೋಮೀಟರಿಗೆ 20 ನಿಮಿಷ. ಬಾಂದ್ರಾದಿಂದ ದಹಿಸರ್‌ವರೆಗಿನ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಸುಮಾರು 25 ಕಿ.ಮೀ., ಅದರ ತುಂಬ ಫ್ಲೈಓವರುಗಳು. ಫ್ಲೈಓವರ್ ಮೇಲೆ ಟಯರ್ ಕೂತರೆ ಅಲ್ಲೇ ರಿಪೇರಿಗೆ ಇಳಿಯಬೇಡಿ. ಇಂಡಿಕೇಟರ್ ಹಾಕಿ, ಎಡಕ್ಕೆ ಒತ್ತಿಕೊಂಡು ಕೆಳಗಿಳಿಸಿ. ಓಡುತ್ತಿರುವಾಗಲೇ ಗಾಳಿ ಹೋದರೆ ಥ್ರಾಟಲ್ ಬಿಡಿ, ಗಾಳಿ ಇರುವ ಚಕ್ರದ ಬ್ರೇಕನ್ನು ಮೆಲ್ಲಗೆ ಹಿಡಿಯಿರಿ.

ಬೈಕಿನವರಿಗೆ ಈ ನಗರದಲ್ಲಿ ನುಣುಪಾದ ರಸ್ತೆಗಳ ಭಾಗ್ಯ ಕಡಿಮೆ. ಬಾಂದ್ರಾ–ವರ್ಲಿ ಸೀ ಲಿಂಕ್, ಕೋಸ್ಟಲ್ ರೋಡ್, 2024ರ ಜನವರಿಯಲ್ಲಿ ತೆರೆದ 21.8 ಕಿ.ಮೀ. ಉದ್ದದ ಅಟಲ್ ಸೇತು, ಇವು ಯಾವುವೂ ಬೈಕಿಗೆ ದಕ್ಕಿಲ್ಲ. ಉಳಿದದ್ದು ಎಲ್‌ಬಿಎಸ್ ಮಾರ್ಗ, ಎಸ್‌ವಿ ರೋಡ್, ಘೋಡ್‌ಬಂದರ್ ರೋಡ್. ಮೆಟ್ರೊ, ಕಟ್ಟಡಗಳ ಕೆಲಸ ನಡೆಯುವ ಕಡೆ ಚೆಲ್ಲಿದ ಮೊಳೆ, ಬೈಂಡಿಂಗ್ ತಂತಿ. ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಒದ್ದೆ ರಬ್ಬರಿಗೆ ಮೊಳೆ ಸಲೀಸಾಗಿ ಇಳಿಯುತ್ತದೆ, ಅದನ್ನು ಮುಚ್ಚಿಕೊಂಡ ನೀರು ಕಣ್ಣಿಗೂ ಬೀಳಗೊಡುವುದಿಲ್ಲ.

ಅಂಗಡಿ ಮುಟ್ಟಿದ ಮೇಲೂ ಲೆಕ್ಕ ಮುಗಿಯುವುದಿಲ್ಲ. ಸೋಪಿನ ನೀರು ಬಳಿದು, ಗುಳ್ಳೆ ಏಳುವ ಜಾಗ ತೋರಿಸಿ, ಮೊಳೆ ಕಿತ್ತು, ತೂತನ್ನು ಅರದಿಂದ ಉಜ್ಜಿ, ಅಂಟು ಹಚ್ಚಿದ ಸ್ಟ್ರಿಪ್ ತೂರಿಸುವ ಪ್ರಾಮಾಣಿಕರೇ ಹೆಚ್ಚು. ಅವರ ಕೈಗೆ 150 ಸಲ್ಲಬೇಕಾದ್ದೇ. ಆದರೆ ಒಂದು ತೂತಿಗೆ ಬಂದವನಿಗೆ ಐದು ತೂತು ತೋರಿಸುವ ಮೋಸವೂ ಉಂಟು. ಐದು ಸಲ 150, ಅಲ್ಲಿಗೆ 750. ಕೆಲವೊಮ್ಮೆ ಆ ಹೆಚ್ಚುವರಿ ತೂತುಗಳನ್ನು ಮಾಡುವುದು ಅವರ ಕೈಯಲ್ಲಿರುವ ಸೂಜಿಯೇ. ಆದ್ದರಿಂದ ಟೀ ಕುಡಿಯಲು ಹೋಗದೆ ಪಕ್ಕದಲ್ಲೇ ನಿಲ್ಲಿ. ಪ್ರತಿ ಗುಳ್ಳೆಯನ್ನೂ ಕಣ್ಣಾರೆ ನೋಡಿ, ಕಿತ್ತ ಮೊಳೆಯನ್ನು ಕೈಗೆ ಕೇಳಿ. ತೂತು 6 ಮಿ.ಮೀ.ಗಿಂತ ದೊಡ್ಡದಾಗಿದ್ದರೆ ಅಥವಾ ಪಕ್ಕದ ಗೋಡೆಯಲ್ಲಿದ್ದರೆ ಸ್ಟ್ರಿಪ್ ಹಾಕಿಸಬೇಡಿ, ಅದು ಪ್ರಾಣದ ವಿಷಯ.

ನನ್ನ ಮಟ್ಟಿಗೆ ಇಡೀ ಲೆಕ್ಕವನ್ನು ತಲೆಕೆಳಗು ಮಾಡುವುದು ಸೀಟಿನ ಕೆಳಗಿನ ಕಿಟ್. ಅರ, ಸೂಜಿ, ಅಂಟು, ಐದಾರು ಸ್ಟ್ರಿಪ್ ಸೇರಿ 250–400 ರೂಪಾಯಿ. ಗಾಳಿಗೆ ಏನು ಒಯ್ಯಬೇಕು ಎಂಬಲ್ಲಿ ಮಾತ್ರ ಹಲವರು ಎಡವುತ್ತಾರೆ. 17 ಇಂಚಿನ ಹಿಂದಿನ ಟಯರಿನ ಒಳಜಾಗ ಸುಮಾರು 10 ಲೀಟರ್. 28 ಪಿಎಸ್‌ಐ ಬರಬೇಕಾದರೆ ಹೊರಗಿನ ಗಾಳಿ 19–20 ಲೀಟರ್ ಒಳಗೆ ಹೋಗಬೇಕು. 16 ಗ್ರಾಂನ ಇಂಗಾಲದ ಡೈಆಕ್ಸೈಡ್ ಡಬ್ಬಿಯಿಂದ ಹೊರಬರುವುದು ಹೆಚ್ಚೆಂದರೆ 9 ಲೀಟರ್: ಒಂದು ಡಬ್ಬಿಗೆ 12–13 ಪಿಎಸ್‌ಐ, ಎರಡಕ್ಕೆ 25. ಮುಂದಿನ ಪೆಟ್ರೋಲ್ ಪಂಪ್ ಮುಟ್ಟಲು ಎರಡು ಬೇಕೇ ಬೇಕು. ಸೈಕಲ್ಲಿನ ಕೈಪಂಪ್ ಒಂದು ಒತ್ತಿಗೆ ಕಾಲು ಲೀಟರ್ ಕೊಟ್ಟರೂ 80 ಒತ್ತು, ಸೋರಿಕೆ ಸೇರಿ ನೂರು. ಬೆವರಿಳಿಯುತ್ತದೆ, ಆದರೆ 20 ನಿಮಿಷ ತಳ್ಳುವುದಕ್ಕಿಂತ ವಾಸಿ. ಬ್ಯಾಟರಿ ಪಂಪ್ ಬೇಕೆಂದರೆ 1,500 ರೂಪಾಯಿಯಿಂದ ಮೇಲೆ.

ಟ್ಯೂಬ್ ಇರುವ ಗಾಡಿಗೆ ಈ ಕಿಟ್ ಕೆಲಸಕ್ಕೆ ಬಾರದು. ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಸ್ಟೆಪ್ನಿ ಇರುತ್ತಿತ್ತು, ಮೋಟಾರ್‌ಸೈಕಲ್ಲಿಗೆ ಆ ಅನುಕೂಲ ಇಲ್ಲ.

ಪೆಟ್ರೋಲ್ ಪಂಪಿನಲ್ಲಿ ಗಾಳಿ ಉಚಿತ, ಅದು ಗ್ರಾಹಕರ ಹಕ್ಕು. ವಾರಕ್ಕೊಮ್ಮೆ ಹಾಕಿಸಿ. ಕಂಪನಿ ಹೇಳಿದ ಒತ್ತಡ ಚೈನ್ ಕವರ್ ಮೇಲೋ ಮ್ಯಾನ್ಯುವಲ್‌ನಲ್ಲೋ ಬರೆದಿರುತ್ತದೆ, ಹಿಂದೆ ಇನ್ನೊಬ್ಬರು ಕೂತರೆ ಹಿಂಚಕ್ರಕ್ಕೆ ಅದು ಹೆಚ್ಚು. ದ್ವಿಚಕ್ರ ವಾಹನದ ಟಯರಿನ ಗೀರಿನ ಆಳ 0.8 ಮಿ.ಮೀ.ಗಿಂತ ತಗ್ಗಬಾರದು ಎಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಆದರೆ ಸವೆದ ಟಯರಿಗೆ ಮೊಳೆ ಬೇಗ ಇಳಿಯುವುದರಿಂದ, ಅಷ್ಟು ಕಾಯದೆ ಮಳೆಗಾಲಕ್ಕೆ ಮುನ್ನವೇ ಬದಲಿಸುವುದು ಲಾಭ.

ಆರ್ಡರ್ ಲೆಕ್ಕದಲ್ಲಿ ದುಡಿಯುವ ಡೆಲಿವರಿ ಹುಡುಗನಿಗೆ ಪಂಕ್ಚರಿನಿಂದ ಸಂಜೆಯ ಎರಡು ಗಂಟೆ ಹೋದರೆ ಅಂದಿನ ಸಂಪಾದನೆಯ ದೊಡ್ಡ ಪಾಲೇ ಹೋದಂತೆ. ಮನೆಯ ಮಕ್ಕಳಿಗೆ ಬೈಕ್ ಕೊಡಿಸುವವರು ಹೆಲ್ಮೆಟ್ಟಿನ ಜೊತೆಗೆ ಈ ಕಿಟ್ಟನ್ನೂ ಬಿಲ್ಲಿಗೆ ಸೇರಿಸಿ, ಸ್ಟ್ರಿಪ್ ಹಾಕುವುದನ್ನು ಅಂಗಡಿಯವರಿಂದಲೇ ಒಮ್ಮೆ ಹೇಳಿಸಿ ಕಲಿಸಿ.